ಹತ್ತು ಅಡಿ ಉದ್ದದ ಕಾರು: ‘ಮಿನಿ’ಯ ವಿನ್ಯಾಸ ಮತ್ತು ಅಸಲಿನ ಲೆಕ್ಕ

ಹೆಚ್ಚು ಮಾರಾಟವಾಗುವ ವಸ್ತು ಅದನ್ನು ತಯಾರಿಸಿದವರಿಗೆ ಲಾಭವನ್ನೂ ತರುತ್ತದೆ ಎಂಬುದು ವ್ಯಾಪಾರ ವಲಯದಲ್ಲಿ ಬೇರೂರಿರುವ ನಂಬಿಕೆ. ಈ ನಂಬಿಕೆ ಎಲ್ಲ ಸಂದರ್ಭಗಳಲ್ಲೂ ನಿಲ್ಲುವುದಿಲ್ಲ ಎಂಬುದಕ್ಕೆ ವಾಹನೋದ್ಯಮದ ಇತಿಹಾಸದಲ್ಲಿ ದೊರೆಯುವ ಸ್ಪಷ್ಟ ಉದಾಹರಣೆಗಳಲ್ಲಿ ಬ್ರಿಟನ್ನಿನ ‘ಮಿನಿ’ ಕಾರು ಒಂದು. 1959ರ ಆಗಸ್ಟ್ 26ರಂದು ಮಾರುಕಟ್ಟೆಗೆ ಬಂದ ಈ ಕಾರಿನ ತಯಾರಿಕೆ 2000ದ ಅಕ್ಟೋಬರ್‌ವರೆಗೆ, ಅಂದರೆ 41 ವರ್ಷಗಳ ಕಾಲ ನಡೆಯಿತು. ಈ ಅವಧಿಯಲ್ಲಿ 53 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಇಂದು ಜಗತ್ತಿನ ರಸ್ತೆಗಳಲ್ಲಿ ಓಡಾಡುವ ಬಹುಪಾಲು ಸಣ್ಣ ಕಾರುಗಳ ಒಳರಚನೆಗೆ ದಾರಿ ತೋರಿದ ಕೀರ್ತಿಯೂ ಅದಕ್ಕೆ ಸಲ್ಲುತ್ತದೆ. ಆದರೂ ಅದನ್ನು ರೂಪಿಸಿದ ಕಂಪನಿ ಹದಿನಾರು ವರ್ಷಗಳೊಳಗೆ ಸರ್ಕಾರದ ಆಸರೆಗೆ ಕೈಚಾಚಬೇಕಾಯಿತು. ಉತ್ತಮ ವಿನ್ಯಾಸ ಮತ್ತು ಉತ್ತಮ ಲೆಕ್ಕಾಚಾರ ಇವೆರಡೂ ಬೇರೆಬೇರೆ ಸಂಗತಿಗಳೆಂಬುದನ್ನು ಅರಿಯಲು ಈ ಕಾರಿನ ಕಥೆ ಸಣ್ಣ ಉತ್ಪಾದಕರಿಗೂ ಉಪಯುಕ್ತವಾಗಿದೆ.

ಸೂಯೆಜ್ ಬಿಕ್ಕಟ್ಟು ಮತ್ತು ಪೆಟ್ರೋಲ್ ಪಡಿತರ

1956ರ ಜುಲೈ ತಿಂಗಳಲ್ಲಿ ಈಜಿಪ್ಟ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿತು. ಅದೇ ವರ್ಷದ ಕೊನೆಯಲ್ಲಿ ಅಲ್ಲಿ ನಡೆದ ಯುದ್ಧದಿಂದ ಕಾಲುವೆ ಮುಚ್ಚಿಹೋಗಿ, ಬ್ರಿಟನ್ನಿಗೆ ಬರುತ್ತಿದ್ದ ತೈಲ ಪೂರೈಕೆಗೆ ತೀವ್ರ ಅಡಚಣೆಯುಂಟಾಯಿತು. 1956ರ ಡಿಸೆಂಬರ್‌ನಿಂದ 1957ರ ಮೇ ತಿಂಗಳವರೆಗೆ ಆ ದೇಶದಲ್ಲಿ ಪೆಟ್ರೋಲನ್ನು ಪಡಿತರದ ಮೇಲೆ ವಿತರಿಸಲಾಯಿತು. ದೊಡ್ಡ ಕಾರುಗಳ ಬೇಡಿಕೆ ಕುಸಿದು, ಜರ್ಮನಿಯಲ್ಲಿ ತಯಾರಾಗುತ್ತಿದ್ದ ‘ಬಬಲ್ ಕಾರು’ಗಳೆಂಬ ಪುಟ್ಟ ವಾಹನಗಳು ಜನಪ್ರಿಯವಾದವು. ಬಿ.ಎಂ.ಡಬ್ಲ್ಯು. ಕಂಪನಿಯ ಇಸೆಟ್ಟಾ ಇಂತಹ ವಾಹನಗಳಲ್ಲಿ ಒಂದು. ಇಬ್ಬರು ಕುಳಿತರೆ ತುಂಬಿಹೋಗುವ, ಮೋಟಾರ್ ಸೈಕಲ್ಲಿನಂತಹ ಎಂಜಿನ್ ಹೊಂದಿದ್ದ ಈ ವಾಹನಗಳು ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುತ್ತಿದ್ದವು.

ಆಸ್ಟಿನ್ ಮತ್ತು ಮಾರಿಸ್ ಸಂಸ್ಥೆಗಳು 1952ರಲ್ಲಿ ಒಂದಾಗಿ ರೂಪುಗೊಂಡಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿ.ಎಂ.ಸಿ., ಆಗ ಬ್ರಿಟನ್ನಿನ ಅತಿ ದೊಡ್ಡ ಕಾರು ತಯಾರಕ ಸಂಸ್ಥೆಯಾಗಿತ್ತು. ನಮ್ಮ ದೇಶದಲ್ಲಿ ದಶಕಗಳ ಕಾಲ ಓಡಾಡಿದ ಅಂಬಾಸಿಡರ್ ಕಾರು ಇದೇ ಬಿ.ಎಂ.ಸಿ.ಯ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿದ್ದೆಂಬುದನ್ನು ಇಲ್ಲಿ ನೆನೆಯಬಹುದು. ಬಬಲ್ ಕಾರುಗಳನ್ನು ಕಂಡರಾಗದ ಬಿ.ಎಂ.ಸಿ. ಅಧ್ಯಕ್ಷ ಲಿಯೊನಾರ್ಡ್ ಲಾರ್ಡ್, ಅವುಗಳನ್ನು ರಸ್ತೆಯಿಂದ ಓಡಿಸಬಲ್ಲ ನಿಜವಾದ ಸಣ್ಣ ಕಾರನ್ನು ಶೀಘ್ರವಾಗಿ ಸಿದ್ಧಪಡಿಸುವಂತೆ ತಮ್ಮ ವಿನ್ಯಾಸ ವಿಭಾಗಕ್ಕೆ ಸೂಚಿಸಿದರು. ಅವರು ವಿಧಿಸಿದ ಷರತ್ತು ಒಂದೇ: ಕಂಪನಿಯ ಬಳಿ ಈಗಾಗಲೇ ತಯಾರಾಗುತ್ತಿರುವ ಎಂಜಿನ್ನನ್ನೇ ಬಳಸಬೇಕು. ಹೊಸ ಎಂಜಿನ್ ರೂಪಿಸಲು ತಗಲುವ ಕಾಲ ಮತ್ತು ಬಂಡವಾಳವನ್ನು ಉಳಿಸುವುದು ಈ ಷರತ್ತಿನ ಉದ್ದೇಶವಾಗಿತ್ತು.

ವಿನ್ಯಾಸಕಾರ ಇಸಿಗೋನಿಸ್

ಈ ಹೊಣೆಯನ್ನು ಹೊತ್ತವರು ಅಲೆಕ್ ಇಸಿಗೋನಿಸ್. 1906ರಲ್ಲಿ ಇಂದಿನ ತುರ್ಕಿ ದೇಶದ ಇಜ್ಮಿರ್ ನಗರದಲ್ಲಿ, ಆಗಿನ ಸ್ಮಿರ್ನಾದಲ್ಲಿ, ಗ್ರೀಕ್ ಮೂಲದ ತಂದೆ ಮತ್ತು ಜರ್ಮನ್ ಮೂಲದ ತಾಯಿಗೆ ಜನಿಸಿದ ಅವರು 1922ರ ಯುದ್ಧದ ಸಂದರ್ಭದಲ್ಲಿ ಊರು ತೊರೆದು ಅನಂತರ ಬ್ರಿಟನ್ನಿಗೆ ಬಂದರು. ಲಂಡನ್ನಿನ ಬ್ಯಾಟರ್‌ಸಿ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡುವಾಗ ಗಣಿತದಲ್ಲಿ ಮೂರು ಬಾರಿ ಅನುತ್ತೀರ್ಣರಾದರೂ ರೇಖಾಚಿತ್ರದಲ್ಲಿ ಅವರದು ಅಸಾಧಾರಣ ಕೈ. 1948ರಲ್ಲಿ ಹೊರಬಂದ ಮಾರಿಸ್ ಮೈನರ್ ಅವರ ಮೊದಲ ದೊಡ್ಡ ಯಶಸ್ಸು. ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಮೊದಲ ಬ್ರಿಟಿಷ್ ಕಾರು ಅದೇ. ಗ್ರಾಹಕರ ಅಭಿಪ್ರಾಯ ಸಂಗ್ರಹಿಸಿ ವಸ್ತುವನ್ನು ರೂಪಿಸುವ ಪದ್ಧತಿಯಲ್ಲಿ ಇಸಿಗೋನಿಸ್ ಅವರಿಗೆ ವಿಶ್ವಾಸವಿರಲಿಲ್ಲ. ಒಳ್ಳೆಯದೆಂದು ತಮಗೆ ಮನವರಿಕೆಯಾದುದನ್ನೇ ಅವರು ರಚಿಸುತ್ತಿದ್ದರು. ಈ ಸ್ವಭಾವದ ಲಾಭ ಮತ್ತು ನಷ್ಟ ಎರಡೂ ಮಿನಿಯಲ್ಲಿ ಕಾಣಸಿಗುತ್ತವೆ.

ಹತ್ತು ಅಡಿಯಲ್ಲಿ ನಾಲ್ವರು

1957ರಲ್ಲಿ ಕೆಲಸ ಆರಂಭಿಸಿದ ಇಸಿಗೋನಿಸ್ ಮತ್ತು ಅವರ ಸಣ್ಣ ತಂಡವು ಕಾರಿನ ಉದ್ದ ಹತ್ತು ಅಡಿ ಮೀರಬಾರದು, ಅದರಲ್ಲಿ ಆರು ಅಡಿ ಪ್ರಯಾಣಿಕರಿಗೇ ಮೀಸಲಿರಬೇಕು ಎಂದು ನಿಶ್ಚಯಿಸಿತು. ಹಾಗಾದರೆ ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಮತ್ತು ಸಾಮಾನು ಇಡುವ ಡಿಕ್ಕಿಗೆ ಉಳಿಯುವುದು ನಾಲ್ಕೇ ಅಡಿ.

ಅಂದಿನ ರೂಢಿಯ ಕಾರುಗಳಲ್ಲಿ ಇದು ಅಸಾಧ್ಯವಾಗಿತ್ತು. ಅಂಬಾಸಿಡರ್ ಕಾರಿನ ಬಾನೆಟ್ ತೆರೆದು ನೋಡಿದವರಿಗೆ ಇದರ ಕಾರಣ ತಿಳಿಯುತ್ತದೆ. ಅಲ್ಲಿ ಎಂಜಿನ್ ಕಾರಿನ ಉದ್ದಕ್ಕೆ ಸಮಾನಾಂತರವಾಗಿ ಕುಳಿತಿದ್ದು, ಅದರ ಹಿಂದೆ ಗೇರ್‌ಬಾಕ್ಸ್ ಇದೆ. ಅಲ್ಲಿಂದ ಹೊರಟ ಉದ್ದನೆಯ ದಂಡವು ಪ್ರಯಾಣಿಕರ ಕಾಲಡಿಯಲ್ಲಿ ಹಾದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಈ ವ್ಯವಸ್ಥೆ ಗಟ್ಟಿಮುಟ್ಟಾದುದು, ಆದರೆ ಬಹಳಷ್ಟು ಸ್ಥಳವನ್ನು ನುಂಗುತ್ತದೆ.

ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಕೂರಿಸಿದರು ಮತ್ತು ಮುಂದಿನ ಚಕ್ರಗಳಿಗೇ ಶಕ್ತಿ ನೀಡಿದರು. ಹೀಗಾಗಿ ಕಾಲಡಿಯ ದಂಡವೂ ಅದಕ್ಕಾಗಿ ಬೇಕಾದ ಉಬ್ಬೂ ಇಲ್ಲವಾದವು. ಆದರೆ ಅಡ್ಡಲಾಗಿಟ್ಟ ಎಂಜಿನ್ನಿನ ಪಕ್ಕದಲ್ಲಿ ಗೇರ್‌ಬಾಕ್ಸ್‌ಗೆ ಸ್ಥಳವಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಅಪೂರ್ವವಾದುದು. ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬುವ ತೊಟ್ಟಿಯೊಳಗೇ ಗೇರ್‌ಬಾಕ್ಸನ್ನು ಅಳವಡಿಸಿ, ಎರಡಕ್ಕೂ ಒಂದೇ ಎಣ್ಣೆ ಸಾಲುವಂತೆ ಮಾಡಿದರು. ರೇಡಿಯೇಟರನ್ನು ಮುಂಭಾಗದಿಂದ ತೆಗೆದು ಎಂಜಿನ್ನಿನ ಒಂದು ಪಕ್ಕಕ್ಕೆ ಸರಿಸಿದರು.

ಮುಂದಿನ ಚಕ್ರಗಳು ಕಾರನ್ನು ಎಳೆಯಬೇಕು, ಜೊತೆಗೆ ಎಡಕ್ಕೂ ಬಲಕ್ಕೂ ತಿರುಗಬೇಕು. ಸಾಧಾರಣ ಸಂಧಿಗಳನ್ನು ಬಳಸಿದರೆ ಚಕ್ರ ತಿರುಗಿದಾಗ ವೇಗ ಏರುಪೇರಾಗಿ ಸ್ಟೀರಿಂಗ್ ಅದುರುತ್ತದೆ. ಇದನ್ನು ನಿವಾರಿಸಲು, ಯಾವ ಕೋನದಲ್ಲೂ ಒಂದೇ ವೇಗವನ್ನು ದಾಟಿಸುವ, ಉಕ್ಕಿನ ಗುಂಡುಗಳನ್ನೊಳಗೊಂಡ ಸಂಧಿಗಳನ್ನು ಬಳಸಲಾಯಿತು. ಇಂತಹ ಸಂಧಿಯ ತತ್ವ ಮೊದಲೇ ತಿಳಿದಿದ್ದರೂ ಅಗ್ಗದ ಕಾರೊಂದಕ್ಕೆ ಅದನ್ನು ಲಕ್ಷಗಟ್ಟಲೆ ತಯಾರಿಸಿದ್ದು ಮಿನಿಯಿಂದಲೇ ಸಾಧ್ಯವಾಯಿತು.

ಸಣ್ಣ ಚಕ್ರ, ರಬ್ಬರ್ ಸ್ಪ್ರಿಂಗ್

ಚಕ್ರಗಳು ದೊಡ್ಡದಾದಷ್ಟೂ ಅವುಗಳ ಮೇಲಿನ ಕಮಾನುಗಳು ಪ್ರಯಾಣಿಕರ ಸ್ಥಳವನ್ನು ಕಬಳಿಸುತ್ತವೆ. ಆದುದರಿಂದ ಮಿನಿಗೆ ಕೇವಲ 10 ಇಂಚಿನ ಚಕ್ರಗಳನ್ನು ಆರಿಸಲಾಯಿತು. ಇಷ್ಟು ಸಣ್ಣ ಟೈರು ಕಾರಿನ ವೇಗ ಮತ್ತು ಭಾರವನ್ನು ತಾಳಬೇಕಾದ್ದರಿಂದ ಡನ್‌ಲಪ್ ಸಂಸ್ಥೆ ಅದನ್ನು ವಿಶೇಷವಾಗಿ ರೂಪಿಸಿಕೊಟ್ಟಿತು. ಉಕ್ಕಿನ ಸ್ಪ್ರಿಂಗುಗಳ ಬದಲಾಗಿ, ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರ್ ರೂಪಿಸಿದ ಶಂಕುವಿನಾಕಾರದ ರಬ್ಬರ್ ಸ್ಪ್ರಿಂಗುಗಳನ್ನು ಅಳವಡಿಸಲಾಯಿತು. ಇವು ಕಡಿಮೆ ಸ್ಥಳದಲ್ಲಿ ಕೂರುತ್ತಿದ್ದವು. ಭಾರ ಹೆಚ್ಚಿದಂತೆ ಹೆಚ್ಚು ಬಿಗಿಯಾಗುವ ಗುಣವೂ ಇವುಗಳಿಗಿತ್ತು. ಒಬ್ಬನೇ ಚಾಲಕನಿರುವಾಗಲೂ ನಾಲ್ವರು ಕುಳಿತಾಗಲೂ ನಡೆಯಬೇಕಾದ ಹಗುರವಾದ ಕಾರಿಗೆ ಇದು ಬಹುಮುಖ್ಯವಾಗಿತ್ತು.

ಇವೆಲ್ಲದರ ಫಲವಾಗಿ ಸುಮಾರು 3.05 ಮೀಟರ್ ಉದ್ದ, 1.4 ಮೀಟರ್ ಅಗಲದ ಕಾರಿನಲ್ಲಿ ನಾಲ್ವರು ವಯಸ್ಕರು ಕುಳಿತುಕೊಳ್ಳುವಂತಾಯಿತು. ಕಾರಿನ ನೆಲದ ವಿಸ್ತೀರ್ಣದಲ್ಲಿ ಶೇಕಡಾ 80ರಷ್ಟು ಪ್ರಯಾಣಿಕರಿಗೂ ಸಾಮಾನಿಗೂ ದೊರೆಯಿತು. 948 ಸಿ.ಸಿ.ಯ ಎಂಜಿನ್ನನ್ನು 848 ಸಿ.ಸಿ.ಗೆ ಇಳಿಸಿ ಬಳಸಿದರೂ ಕಾರು ಗಂಟೆಗೆ 110 ಕಿಲೋಮೀಟರ್‌ಗಿಂತ ಹೆಚ್ಚಿನ ವೇಗದಲ್ಲಿ ಓಡಬಲ್ಲದಾಗಿತ್ತು.

ಉಳಿತಾಯದ ಕ್ರಮಗಳು

ಕಾರಿನ ಹೊರಮೈಯಲ್ಲೂ ಸರಳತೆಗೆ ಪ್ರಾಧಾನ್ಯವಿತ್ತು. ತಗಡುಗಳನ್ನು ಬೆಸೆದ ಅಂಚುಗಳನ್ನು ಒಳಗೆ ಅಡಗಿಸದೆ ಹೊರಗೇ ಬಿಡಲಾಯಿತು. ಇದರಿಂದ ವೆಲ್ಡಿಂಗ್ ಕೆಲಸ ಸುಲಭವಾಯಿತು. ಬಾಗಿಲಿನ ತಿರುಗಣಿಗಳೂ ಹೊರಗೇ ಇದ್ದವು. ಕಿಟಕಿಯ ಗಾಜು ಕೆಳಗಿಳಿಯುವ ಬದಲು ಪಕ್ಕಕ್ಕೆ ಸರಿಯುತ್ತಿತ್ತು. ಇದರಿಂದ ಗಾಜನ್ನು ಇಳಿಸುವ ಯಂತ್ರಸಾಮಗ್ರಿಯ ಖರ್ಚು ಉಳಿಯಿತು. ಬಾಗಿಲಿನ ಒಳಗೆ ಸಾಮಾನು ಇಡಲು ಆಳವಾದ ಜಾಗವೂ ದೊರೆಯಿತು. ಬಾಗಿಲನ್ನು ಒಳಗಿನಿಂದ ತೆರೆಯಲು ಎಳೆಯುವ ತಂತಿಯೊಂದೇ ಇತ್ತು. ಡಿಕ್ಕಿಯ ಮುಚ್ಚಳ ಕೆಳಮುಖವಾಗಿ ತೆರೆದು, ಹೆಚ್ಚಿನ ಸಾಮಾನನ್ನು ಹೊರುವ ಹಲಗೆಯಾಗುತ್ತಿತ್ತು.

ಒಂದು ಭಾಗವನ್ನು ತೆಗೆದುಹಾಕಿ, ಅದರ ಸ್ಥಳದಲ್ಲಿ ಗ್ರಾಹಕನಿಗೆ ಮತ್ತೊಂದು ಅನುಕೂಲವನ್ನು ಒದಗಿಸುವುದು ಉಳಿತಾಯದ ಉತ್ತಮ ರೀತಿ. ಈ ದೃಷ್ಟಿಯಿಂದ ಮಿನಿಯ ಬಾಗಿಲು ಇಂದಿಗೂ ಅಧ್ಯಯನಯೋಗ್ಯವಾಗಿದೆ.

ಆತುರದ ಬೆಲೆ

1958ರ ಜುಲೈನಲ್ಲಿ ಮಾದರಿ ಕಾರನ್ನು ಕಾರ್ಖಾನೆಯ ಆವರಣದಲ್ಲಿ ಕೆಲವೇ ನಿಮಿಷ ಓಡಿಸಿ ನೋಡಿದ ಲಾರ್ಡ್, ಒಂದು ವರ್ಷದೊಳಗೆ ಅದನ್ನು ತಯಾರಿಕೆಗೆ ತರುವಂತೆ ಆದೇಶಿಸಿದರು. ಆ ಗಡುವು ಬಹುಮಟ್ಟಿಗೆ ಪಾಲನೆಯಾಯಿತಾದರೂ ಪರೀಕ್ಷೆಗೆ ಸಾಕಷ್ಟು ಕಾಲ ಸಿಗಲಿಲ್ಲ. ನೆಲದ ತಗಡುಗಳ ಜೋಡಣೆಯಲ್ಲಿ ಒಂದರ ಮೇಲೊಂದು ಬರುವ ಅಂಚು ತಪ್ಪು ದಿಕ್ಕಿಗಿದ್ದುದರಿಂದ ಮಳೆಯಲ್ಲಿ ಓಡುವಾಗ ನೀರು ಒಳಗೆ ನುಗ್ಗಿ ನೆಲಹಾಸು ನೆನೆಯುತ್ತಿತ್ತು. ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಂಭಾಗದ ಜಾಲರಿಯ ಹಿಂದೆಯೇ ಇದ್ದುದರಿಂದ ಮಳೆನೀರು ತಗುಲಿ ಕಾರು ನಿಂತುಹೋಗುತ್ತಿತ್ತು. ಮಾರಾಟವಾದ ಮೇಲೆ ಇವನ್ನು ಸರಿಪಡಿಸುವ ಖರ್ಚು ಕಂಪನಿಯ ತಲೆಯ ಮೇಲೆ ಬಿದ್ದಿತು. ಕಾರ್ಖಾನೆಯಲ್ಲಿ ಕೆಲವು ವಾರಗಳ ಪರೀಕ್ಷೆಯಿಂದ ತಿಳಿಯಬಹುದಾಗಿದ್ದ ದೋಷವನ್ನು ಗ್ರಾಹಕನೇ ಕಂಡುಹಿಡಿಯುವಂತಾದರೆ ದುರಸ್ತಿಯ ವೆಚ್ಚದೊಂದಿಗೆ ಹೆಸರಿನ ನಷ್ಟವನ್ನೂ ಭರಿಸಬೇಕಾಗುತ್ತದೆ.

ಫೋರ್ಡ್ ಬಿಚ್ಚಿ ನೋಡಿದ ಕಾರು

ಆರಂಭದ ಬೆಲೆ, ಖರೀದಿ ತೆರಿಗೆಯೂ ಸೇರಿ, ಸುಮಾರು 497 ಪೌಂಡು. ಹೊಸ ತಂತ್ರಜ್ಞಾನದ ಕಾರಿಗೆ ಇದು ಅಚ್ಚರಿಯ ಬೆಲೆಯಾಗಿತ್ತು. ಪ್ರತಿಸ್ಪರ್ಧಿ ಫೋರ್ಡ್ ಕಂಪನಿಯ ಬ್ರಿಟಿಷ್ ಶಾಖೆ ಒಂದು ಮಿನಿಯನ್ನು ಕೊಂಡು, ಪೂರ್ತಿಯಾಗಿ ಬಿಚ್ಚಿ, ಪ್ರತಿಯೊಂದು ಭಾಗದ ತಯಾರಿಕಾ ವೆಚ್ಚವನ್ನು ಲೆಕ್ಕಹಾಕಿತು. ಪ್ರತಿ ಕಾರಿನ ಮಾರಾಟದಲ್ಲೂ ಬಿ.ಎಂ.ಸಿ. ಸುಮಾರು 30 ಪೌಂಡು ಕಳೆದುಕೊಳ್ಳುತ್ತಿದೆ ಎಂಬ ತೀರ್ಮಾನಕ್ಕೆ ಅದು ಬಂದಿತು. ಈ ಅಂಕಿ ಫೋರ್ಡ್‌ನ ಅಂದಾಜೇ ಹೊರತು ಬಿ.ಎಂ.ಸಿ.ಯ ಲೆಕ್ಕಪುಸ್ತಕದ್ದಲ್ಲ, ನಷ್ಟವೇ ಆಗುತ್ತಿತ್ತೇ ಎಂಬುದರ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಲಾಭಾಂಶ ಅತ್ಯಲ್ಪವಾಗಿತ್ತೆಂಬುದನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ.

ಫೋರ್ಡ್ ಇದರಿಂದ ಕಲಿತ ಪಾಠ ಗಮನಾರ್ಹವಾದುದು. ಅದು ಮಿನಿಯನ್ನು ಅನುಕರಿಸಲಿಲ್ಲ. 1962ರಲ್ಲಿ ಅದು ಹೊರತಂದ ಕಾರ್ಟಿನಾ ತಾಂತ್ರಿಕವಾಗಿ ಸಾಂಪ್ರದಾಯಿಕ ಕಾರು. ಎಂಜಿನ್ ಉದ್ದಕ್ಕೇ ಇತ್ತು, ಹಿಂದಿನ ಚಕ್ರಗಳೇ ತಿರುಗುತ್ತಿದ್ದವು. ಆದರೆ ವಿನ್ಯಾಸದ ಹಂತದಲ್ಲೇ ಪ್ರತಿಯೊಂದು ಭಾಗಕ್ಕೂ ಇಷ್ಟೇ ವೆಚ್ಚ, ಇಷ್ಟೇ ತೂಕ ಎಂಬ ಮಿತಿಯನ್ನು ವಿಧಿಸಲಾಗಿತ್ತು. 1966ರವರೆಗೆ ಮೊದಲ ಮಾದರಿಯ ಕಾರ್ಟಿನಾಗಳೇ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದವು. ಒಂದು ಕಂಪನಿ ಮೊದಲು ಕಾರನ್ನು ರೂಪಿಸಿ ಅನಂತರ ಬೆಲೆ ಕಟ್ಟಿತು. ಮತ್ತೊಂದು ಮೊದಲು ಬೆಲೆಯನ್ನು ನಿಶ್ಚಯಿಸಿ, ಅದರಿಂದ ಲಾಭವನ್ನು ಕಳೆದು, ಉಳಿದ ಹಣದಲ್ಲಿ ಕಾರನ್ನು ರೂಪಿಸಿತು.

ಸಂಖ್ಯೆ ಹೆಚ್ಚಿದರೆ ನಷ್ಟ ತುಂಬುವುದೇ?

‘ಮಾರಾಟ ಹೆಚ್ಚಿದಂತೆ ಎಲ್ಲವೂ ಸರಿಹೋಗುತ್ತದೆ’ ಎಂಬ ಮಾತು ಅರ್ಧಸತ್ಯ ಮಾತ್ರ. ವೆಚ್ಚಗಳಲ್ಲಿ ಎರಡು ಬಗೆ. ಕಟ್ಟಡ, ಯಂತ್ರ, ಅಚ್ಚುಗಳಂತಹ ಸ್ಥಿರ ವೆಚ್ಚ ಒಂದು. ಪ್ರತಿ ವಸ್ತುವಿಗೂ ತಗಲುವ ಕಚ್ಚಾಮಾಲು, ಬಿಡಿಭಾಗ, ಕೂಲಿಯಂತಹ ಚರ ವೆಚ್ಚ ಇನ್ನೊಂದು. ಉದಾಹರಣೆಗೆ, ಸಣ್ಣ ಘಟಕವೊಂದು ಅಚ್ಚುಗಳಿಗೆ 10 ಲಕ್ಷ ರೂಪಾಯಿ ಹೂಡಿ, 100 ರೂಪಾಯಿಗೆ ಒಂದು ಬಿಡಿಭಾಗವನ್ನು ಮಾರುತ್ತದೆ ಎಂದು ಭಾವಿಸೋಣ. ಅದರ ಚರ ವೆಚ್ಚ 90 ರೂಪಾಯಿಯಾದರೆ, ಒಂದು ಲಕ್ಷ ಬಿಡಿಭಾಗಗಳು ಮಾರಾಟವಾದಾಗ ಅಚ್ಚಿನ ಹಣ ಹಿಂತಿರುಗುತ್ತದೆ. ಅಲ್ಲಿಂದ ಮುಂದೆ ಲಾಭ. ಚರ ವೆಚ್ಚವೇ 103 ರೂಪಾಯಿಯಾದರೆ ಒಂದು ಲಕ್ಷ ಮಾರಿದಾಗ ಅಚ್ಚಿನ ಹಣವೂ ಬರುವುದಿಲ್ಲ, ಮೇಲೆ ಮೂರು ಲಕ್ಷ ರೂಪಾಯಿ ಹೆಚ್ಚುವರಿ ನಷ್ಟ. ಎರಡು ಲಕ್ಷ ಮಾರಿದರೆ ಆ ನಷ್ಟ ಆರು ಲಕ್ಷ. ಬೇಡಿಕೆ ಹೆಚ್ಚಿದಷ್ಟೂ ಕಷ್ಟ ಹೆಚ್ಚುವ ಈ ಸ್ಥಿತಿಯನ್ನು ಗುರುತಿಸಲು ಪ್ರತಿ ಭಾಗದ ಅಸಲು ತಿಳಿದಿರಲೇಬೇಕು.

ಬಿ.ಎಂ.ಸಿ.ಯಲ್ಲಿ ಇತರ ಭಾರಗಳೂ ಇದ್ದವು. ಒಂದೇ ಕಾರನ್ನು ಆಸ್ಟಿನ್ ಸೆವೆನ್ ಮತ್ತು ಮಾರಿಸ್ ಮಿನಿ ಮೈನರ್ ಎಂಬ ಎರಡು ಹೆಸರುಗಳಲ್ಲಿ, ಲಾಂಗ್‌ಬ್ರಿಜ್ ಮತ್ತು ಕೌಲಿಯ ಎರಡು ಕಾರ್ಖಾನೆಗಳಲ್ಲಿ ತಯಾರಿಸಿ, ಎರಡು ಪ್ರತ್ಯೇಕ ಡೀಲರ್ ಜಾಲಗಳ ಮೂಲಕ ಮಾರಲಾಗುತ್ತಿತ್ತು. ಕಂಪನಿಗಳು ಒಂದಾಗಿದ್ದರೂ ವ್ಯವಹಾರ ಒಂದಾಗಿರಲಿಲ್ಲ.

ಮಾರಾಟ ಏರಿತು, ಕಂಪನಿ ಇಳಿಯಿತು

ಆರಂಭದ ಹಿಂಜರಿಕೆಯ ನಂತರ ಮಿನಿಯ ಜನಪ್ರಿಯತೆ ಏರುತ್ತಲೇ ಹೋಯಿತು. 1960ರಲ್ಲಿ ಬಂದ ಮಿನಿ ವ್ಯಾನ್, ವಾಣಿಜ್ಯ ವಾಹನವಾದುದರಿಂದ ಖರೀದಿ ತೆರಿಗೆಯಿಂದ ವಿನಾಯಿತಿ ಪಡೆದು ಅಗ್ಗವಾಗಿ ದೊರೆಯುತ್ತಿತ್ತು. 1961ರಲ್ಲಿ ರೇಸ್ ಕಾರು ತಯಾರಕ ಜಾನ್ ಕೂಪರ್ ಅವರ ಸಹಯೋಗದಲ್ಲಿ ಮಿನಿ ಕೂಪರ್ ಬಂದಿತು. ಹಿಮ ಮತ್ತು ಬೆಟ್ಟದ ದಾರಿಗಳಲ್ಲಿ ನಡೆಯುವ ಪ್ರಸಿದ್ಧ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಈ ಪುಟ್ಟ ಕಾರು 1964, 1965 ಮತ್ತು 1967ರಲ್ಲಿ ಗೆದ್ದಿತು. 1965ರಲ್ಲಿ ಹತ್ತು ಲಕ್ಷ, 1969ರಲ್ಲಿ ಇಪ್ಪತ್ತು ಲಕ್ಷ, 1972ರಲ್ಲಿ ಮೂವತ್ತು ಲಕ್ಷದ ಗಡಿಯನ್ನು ತಯಾರಿಕೆ ದಾಟಿತು.

ಆದರೆ ಹೊಸ ಮಾದರಿಗಳನ್ನು ರೂಪಿಸಲು ಬೇಕಾದ ಹಣ ಕಂಪನಿಯಲ್ಲಿ ಕೂಡಿಬರಲಿಲ್ಲ. 1968ರಲ್ಲಿ ಅದು ಲೇಲ್ಯಾಂಡ್ ಸಂಸ್ಥೆಯೊಂದಿಗೆ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. ದಿವಾಳಿಯ ಅಂಚು ಮುಟ್ಟಿದ ಈ ಸಂಸ್ಥೆಯನ್ನು 1975ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಒಡೆತನಕ್ಕೆ ತೆಗೆದುಕೊಂಡಿತು. ಕಾರ್ಮಿಕ ಕಲಹ, ಗುಣಮಟ್ಟದ ಕುಸಿತ, ಒಂದರೊಡನೊಂದು ಸ್ಪರ್ಧಿಸುವ ಮಾದರಿಗಳ ಗೊಂದಲ ಹೀಗೆ ಈ ಅವನತಿಗೆ ಕಾರಣಗಳು ಹಲವು; ಮಿನಿಯೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಅತಿ ಹೆಚ್ಚು ಮಾರಾಟವಾದ ವಸ್ತುವೇ ಅತಿ ಕಡಿಮೆ ಗಳಿಸಿಕೊಟ್ಟರೆ ಕಷ್ಟಕಾಲಕ್ಕೆ ಆಧಾರವಾಗುವ ಸಂಚಿತ ನಿಧಿ ಬೆಳೆಯುವುದಾದರೂ ಹೇಗೆ?

ವಿನ್ಯಾಸದ ವಾರಸುದಾರರು

ಮಿನಿಯ ಮೂಲ ವಿಚಾರವನ್ನು ಮುಂದುವರಿಸಿ ಅಗ್ಗಗೊಳಿಸಿದವರಲ್ಲಿ ಇಟಲಿಯ ಫಿಯೆಟ್ ಕಂಪನಿಯ ವಿನ್ಯಾಸಕಾರ ದಾಂತೆ ಜಕೋಸಾ ಪ್ರಮುಖರು. ಅವರು ಎಂಜಿನ್ನನ್ನು ಅಡ್ಡಲಾಗಿಯೇ ಇಟ್ಟು, ಗೇರ್‌ಬಾಕ್ಸನ್ನು ಎಣ್ಣೆ ತೊಟ್ಟಿಯಿಂದ ಹೊರತೆಗೆದು ಎಂಜಿನ್ನಿನ ತುದಿಗೆ ಜೋಡಿಸಿದರು. ಎರಡು ಚಕ್ರಗಳಿಗೆ ಹೋಗುವ ದಂಡಗಳು ಅಸಮ ಉದ್ದದವಾದವು, ಆದರೆ ಎರಕದ ಕೆಲಸ ಸರಳವಾಯಿತು, ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಅವುಗಳಿಗೆ ತಕ್ಕ ಬೇರೆಬೇರೆ ಎಣ್ಣೆ ಬಳಸುವುದು ಸಾಧ್ಯವಾಯಿತು, ದುರಸ್ತಿಯೂ ಸುಲಭವಾಯಿತು. ಮಿನಿಯಲ್ಲಾದರೋ ಗೇರ್‌ಬಾಕ್ಸ್ ದುರಸ್ತಿಗೆ ಎಂಜಿನ್ನನ್ನೇ ಎತ್ತಿ ಹೊರತೆಗೆಯಬೇಕಾಗಿತ್ತು. ಫಿಯೆಟ್ ಈ ಪ್ರಯೋಗವನ್ನು ನೇರವಾಗಿ ತನ್ನ ಹೆಸರಿನಲ್ಲಿ ಮಾಡಲಿಲ್ಲ. 1964ರಲ್ಲಿ ಆಟೊಬಿಯಾಂಕಿ ಎಂಬ ಸಣ್ಣ ಬ್ರ್ಯಾಂಡಿನ ಪ್ರಿಮುಲಾ ಕಾರಿನಲ್ಲಿ ಪರೀಕ್ಷಿಸಿ, 1969ರಲ್ಲಿ ತನ್ನ 128 ಮಾದರಿಗೆ ಅಳವಡಿಸಿಕೊಂಡಿತು.

ಕಾಲಕ್ರಮದಲ್ಲಿ ಜಗತ್ತು ಒಪ್ಪಿದ್ದು ಈ ಸುಧಾರಿತ ಜೋಡಣೆಯನ್ನು. 1983ರ ಡಿಸೆಂಬರ್‌ನಲ್ಲಿ ಭಾರತದ ರಸ್ತೆಗಿಳಿದ ಮಾರುತಿ 800 ಕಾರಿನಲ್ಲಿ 796 ಸಿ.ಸಿ.ಯ ಎಂಜಿನ್ ಅಡ್ಡಲಾಗಿಯೇ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಅಂಬಾಸಿಡರ್‌ಗೆ ಒಗ್ಗಿದ್ದ ನಮ್ಮ ಮೆಕ್ಯಾನಿಕ್‌ಗಳು ಹೊಸದಾಗಿ ಕಲಿಯಬೇಕಾಗಿ ಬಂದ ಆ ಜೋಡಣೆಯ ಮೂಲವನ್ನು ಹುಡುಕುತ್ತಾ ಹೋದರೆ, ದಾರಿ ಅದೇ ಬಿ.ಎಂ.ಸಿ.ಯ ಮಿನಿಯನ್ನು ತಲುಪುತ್ತದೆ.

1994ರಲ್ಲಿ, ಆಗ ಮಿನಿಯನ್ನು ತಯಾರಿಸುತ್ತಿದ್ದ ರೋವರ್ ಸಂಸ್ಥೆಯನ್ನು ಬಿ.ಎಂ.ಡಬ್ಲ್ಯು. ಕೊಂಡುಕೊಂಡಿತು. 2000ದಲ್ಲಿ ರೋವರನ್ನು ಮಾರಿದಾಗಲೂ ಮಿನಿಯ ಹೆಸರನ್ನು ಅದು ಬಿಟ್ಟುಕೊಡಲಿಲ್ಲ. 2001ರಿಂದ ಆಕ್ಸ್‌ಫರ್ಡ್ ಸಮೀಪದ ಕೌಲಿಯಲ್ಲಿ ಹೊಸ ಮಿನಿಯನ್ನು ತಯಾರಿಸಿ, ಅಗ್ಗದ ಕಾರಾಗಿ ಅಲ್ಲ, ಹೆಚ್ಚಿನ ಬೆಲೆ ತೆರಲು ಸಿದ್ಧವಿರುವ ಗ್ರಾಹಕರ ಕಾರಾಗಿ ಮಾರಿತು. ಯಾವ ಜರ್ಮನ್ ಬಬಲ್ ಕಾರುಗಳನ್ನು ರಸ್ತೆಯಿಂದ ಓಡಿಸಲು ಮಿನಿ ಹುಟ್ಟಿತೋ, ಅಂತಹ ಇಸೆಟ್ಟಾವನ್ನು ತಯಾರಿಸಿದ ಕಂಪನಿಯೇ ಕೊನೆಗೆ ಮಿನಿಯ ಹೆಸರಿನ ಬೆಲೆಯನ್ನು ಅರಿತುಕೊಂಡಿತು.

ಉತ್ಪಾದಕರು ಗಮನಿಸಬೇಕಾದ ಅಂಶಗಳು

ಮಿನಿಯ ಇತಿಹಾಸದಿಂದ ಸಣ್ಣ ಉದ್ದಿಮೆದಾರರು ನಾಲ್ಕು ಅಂಶಗಳನ್ನು ಗ್ರಹಿಸಬಹುದು. ಮೊದಲನೆಯದಾಗಿ, ಇರುವ ಎಂಜಿನ್ನನ್ನೇ ಬಳಸಬೇಕೆಂಬ ನಿರ್ಬಂಧವೇ ಹೊಸ ಜೋಡಣೆಗೆ ದಾರಿಮಾಡಿಕೊಟ್ಟಿತು. ಬಂಡವಾಳದ ಕೊರತೆ ಎಲ್ಲ ಸಂದರ್ಭಗಳಲ್ಲೂ ಅಡ್ಡಿಯಲ್ಲ. ಎರಡನೆಯದಾಗಿ, ಗಡುವಿಗಾಗಿ ಪರೀಕ್ಷೆಯನ್ನು ಮೊಟಕುಗೊಳಿಸಿದರೆ ಉಳಿಸಿದ ಕಾಲದ ಬೆಲೆಯನ್ನು ಮುಂದೆ ತೆರಬೇಕಾಗುತ್ತದೆ. ಮೂರನೆಯದಾಗಿ, ಹೊಸ ವಿಚಾರವನ್ನು ಮೊದಲು ಕಂಡವರಿಗಿಂತ ಅದನ್ನು ಸರಳಗೊಳಿಸಿದವರಿಗೆ ಹೆಚ್ಚು ಲಾಭ ದೊರೆಯಬಹುದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ತಮ್ಮ ವಸ್ತುವಿನ ಅಸಲನ್ನು ಪ್ರತಿಸ್ಪರ್ಧಿ ಬಿಚ್ಚಿ ನೋಡಿ ಹೇಳುವ ಮೊದಲು ತಾವೇ ಬಿಚ್ಚಿ ನೋಡಿ ಬರೆದಿಟ್ಟುಕೊಳ್ಳಬೇಕು. ಇಸಿಗೋನಿಸ್ ಹತ್ತು ಅಡಿಯೊಳಗೆ ಒಂದೊಂದು ಅಂಗುಲವನ್ನೂ ಎಣಿಸಿ ಕಾರನ್ನು ರೂಪಿಸಿದರು. ಅದೇ ಶ್ರದ್ಧೆಯಿಂದ ಒಂದೊಂದು ಪೆನ್ನಿಯನ್ನೂ ಎಣಿಸುವವರು ಅವರ ಕಂಪನಿಯಲ್ಲಿ ಇದ್ದಿದ್ದರೆ ಮಿನಿಯ ಕೀರ್ತಿಯ ಜೊತೆಗೆ ಅದರ ಫಲವೂ ಆ ಕಂಪನಿಗೇ ಹೆಚ್ಚಾಗಿ ದಕ್ಕುತ್ತಿತ್ತು.